ಡಬ್ಬಿ ಬಡಿದರೆ ಬರುವ ಮೀನು

ಶ್ರೀಕರನಿಗೆ ಗ್ರಹಚಾರ ತಂದದ್ದು ಅವನ ಬಾಯಿಯೇ. ಗುರುವಾರ ಆಫೀಸಿನಲ್ಲಿ ಟೀ ಕುಡಿಯುವಾಗ ಮ್ಯಾನೇಜರ್ ಗ್ರೆಗ್, ವೆಲ್ಲಿಂಗ್ಟನ್ ಸುತ್ತಮುತ್ತ ಗಾಳ ಹಾಕಲು ಒಂದೂ ಒಳ್ಳೆಯ ಜಾಗ ಉಳಿದಿಲ್ಲವೆಂದು ಕೊರಗುತ್ತಿದ್ದ. ಶ್ರೀಕರನ ಕಾಂಟ್ರಾಕ್ಟ್ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಖಾಯಂ ಮಾಡುವ ಸಹಿ ಗ್ರೆಗ್‌ನದು. ಸಹಿ ಬೀಳದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. "ನನಗೊಂದು ಜಾಗ ಗೊತ್ತು" ಎಂದುಬಿಟ್ಟ, ಮೊಟ್ಟೆಯ ವಾಸನೆಗೂ ಮೂಗು ಮುಚ್ಚಿಕೊಳ್ಳುವ ಶ್ರೀಕರ.

ಜಾಗ ಗೊತ್ತಿದ್ದದ್ದು ನಿಜ. ಪಕ್ಕದ ಮನೆಯ ಅಂಬುಜಾ ಆಂಟಿ ಯಾರದೋ ಶನಿಕಾಟ ಕಳೆಯಲೆಂದು ಪ್ರತಿ ಶನಿವಾರ ಅಪ್ಪರ್ ಹಟ್ ಊರಂಚಿನ ಕೆರೆಗೆ ಹೋಗಿ ಮೀನಿಗೆ ಅಕ್ಕಿಹಿಟ್ಟಿನ ಉಂಡೆ ಹಾಕುತ್ತಿದ್ದರು. ಒಮ್ಮೆ ಕಾರಿನಲ್ಲಿ ಕರೆದೊಯ್ದಾಗ ಶ್ರೀಕರ ಕಣ್ಣಾರೆ ನೋಡಿದ್ದ. ಆಂಟಿ ಸ್ಟೀಲ್ ಡಬ್ಬಿಯನ್ನು ಮುಚ್ಚಳದಿಂದ ಬಡಿದದ್ದೇ ತಡ, ಮದುವೆಮನೆಯ ಮೊದಲ ಪಂಕ್ತಿಗೆ ನುಗ್ಗುವವರಂತೆ ಮೀನುಗಳು ದಡಕ್ಕೆ ಬಂದಿದ್ದವು. ಗ್ರೆಗ್‌ಗೆ ಬಿಡುವಿದ್ದದ್ದು ಶನಿವಾರವೇ; ಆಂಟಿ ಅಲ್ಲಿಗೆ ಹೋಗುವುದು ಹತ್ತಕ್ಕೆ. ಅಷ್ಟರೊಳಗೆ ಮುಗಿಸಿದರೆ ಯಾರಿಗೂ ತಿಳಿಯದೆಂದು ಅವನ ಲೆಕ್ಕ.

"ಶನಿವಾರ ಎಂಥ ಆಫೀಸು ರೀ?" ಹೆಂಡತಿ ವೇದಾ ಕೇಳಿದಳು.

"ಅರ್ಜೆಂಟ್ ಸಾಫ್ಟ್‌ವೇರ್ ರಿಲೀಸ್ ಇದೆ ಕಣೇ."

"ಗಮ್‌ಬೂಟ್ ಯಾಕೆ ಹಾಕ್ಕೊಂಡಿದೀರ?"

"ಆಫೀಸಲ್ಲಿ ನೀರು ಲೀಕ್ ಆಗ್ತಿದೆ."

ಬೀದಿಯ ಮೂಲೆಯಲ್ಲಿ ಏಳಕ್ಕೆ ನಿಲ್ಲಬೇಕಿದ್ದ ಗ್ರೆಗ್‌ನ ಪಿಕಪ್ ಗಾಡಿ ಬಂದಾಗ ಎಂಟೂವರೆ. ಹತ್ತಕ್ಕೆ ಇನ್ನೆಷ್ಟು ಉಳಿಯಿತೆಂದು ಶ್ರೀಕರ ಬೆರಳೆಣಿಸಿದ. ಕೆರೆಯ ದಡದಲ್ಲಿ ಗ್ರೆಗ್ ಅವನ ಕೈಗೂ ಒಂದು ಗಾಳ ಕೊಟ್ಟು, ಎರೆಹುಳದ ಡಬ್ಬ ಮುಂದಿಟ್ಟ. ಶ್ರೀಕರ ಕಣ್ಣು ಮುಚ್ಚಿ, "ತಪ್ಪಾಯ್ತಪ್ಪಾ" ಎಂದು ಹುಳುವಿಗೆ ಹೇಳಿ ಸಿಕ್ಕಿಸಿದ.

ಮುಕ್ಕಾಲು ಗಂಟೆಯಾದರೂ ದಾರ ಅಲುಗಲಿಲ್ಲ. ಗ್ರೆಗ್ ಮತ್ತೆ ಮತ್ತೆ ಗಡಿಯಾರ ನೋಡಿದ. "ಇದೇ ಜಾಗ ತಾನೆ?" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ. ಆ ಮೆಲ್ಲಗಿನ ದನಿ ಕೇಳಿ ಶ್ರೀಕರನಿಗೆ ಬೆವರೊಡೆಯಿತು. ಬೇರೆ ದಾರಿ ಕಾಣದೆ ಚೀಲದಿಂದ ಚಿತ್ರಾನ್ನದ ಡಬ್ಬಿ ತೆಗೆದು, ಮುಚ್ಚಳದಿಂದ ಟಣ್ ಟಣ್ ಎಂದು ಬಡಿದ.

ನೀರು ಕುದಿಯತೊಡಗಿತು. ಮೊದಲು ಚಿಕ್ಕ ಮೀನುಗಳು, ಅವುಗಳ ಬೆನ್ನಿಗೆ ಅವನ್ನು ತಿನ್ನುವ ಪಟ್ಟೆಪಟ್ಟೆಯ ಪರ್ಚ್ ಮೀನುಗಳು. ಗ್ರೆಗ್ ಒಂದರ ಮೇಲೊಂದು ಎಳೆದ. ಶ್ರೀಕರನ ಗಾಳವೂ ಬಾಗಿತು, ಗಾಬರಿಯಲ್ಲಿ ಎಳೆದೇಬಿಟ್ಟ. ಬಕೆಟ್ಟಿಗೆ ಐದು ಮೀನು ಬಿದ್ದವು. ಇಂಥ ಜಾಗ ಜನ್ಮದಲ್ಲಿ ಕಂಡಿಲ್ಲವೆಂದು ಗ್ರೆಗ್ ಅವನ ಹೆಗಲು ತಬ್ಬಿದ. ಸಹಿ ಬಿತ್ತೆಂದೇ ಶ್ರೀಕರ ಅಂದುಕೊಂಡ.

"ಏನ್ರೀ, ಆಫೀಸಲ್ಲಿ ನೀರು ಇಷ್ಟೊಂದು ಲೀಕ್ ಆಗಿದ್ಯಾ?"

ತಿರುಗಿ ನೋಡಿದರೆ ವೇದಾ. ಅವಳ ಹಿಂದೆ ಡಬ್ಬಿ ಹಿಡಿದ ಅಂಬುಜಾ ಆಂಟಿ. ಆಂಟಿ ಬಕೆಟ್ಟಿನೊಳಗೆ ಇಣುಕಿ, ತಮ್ಮ ಮಕ್ಕಳನ್ನೇ ಕಂಡವರಂತೆ ಕಣ್ಣೊರೆಸಿಕೊಂಡರು.

"ಇವತ್ತು ಹನ್ನೊಂದನೇ ಶನಿವಾರ ಕಣಪ್ಪ, ಕೊನೇದು. ಯಾರಿಗೋಸ್ಕರ ಹಾಕ್ತಿದೀನಿ ಅಂದ್ಕೊಂಡೆ? ನಿನ್ನ ಕೆಲ್ಸ ಖಾಯಂ ಆಗ್ಲಿ ಅಂತ ನಿನ್ನ ಹೆಂಡ್ತಿ ಹೊತ್ತಿರೋ ಹರಕೆ ಇದು. ಮುಗಿಯೋವರ್ಗೂ ನಿಂಗೆ ಹೇಳ್ಬಾರ್ದು ಅಂತ ನಾನೇ ಅಂದಿದ್ದೆ."

ಶ್ರೀಕರ ಬಕೆಟ್ಟನ್ನು ಬೆನ್ನ ಹಿಂದಕ್ಕೆ ಸರಿಸಿದ. ನಾಚಿಕೆಯಿಂದ ವೇದಾಳ ಮುಖ ನೋಡಲಾಗಲಿಲ್ಲ. ಆದರೂ ಗ್ರೆಗ್ ಖುಷಿಯಾಗಿದ್ದಾನಲ್ಲ ಎಂಬ ಒಂದು ಧೈರ್ಯವಿತ್ತು.

ಗ್ರೆಗ್ ಆಂಟಿಗೆ ಟೋಪಿ ತೆಗೆದು ವಂದಿಸಿ, ಶ್ರೀಕರನ ಕಡೆ ತಿರುಗಿದ. "ನಿವೃತ್ತಿ ತಗೋ ಅಂತ ನನ್ನ ಹೆಂಡತಿ ಒಂದು ವರ್ಷದಿಂದ ಹೇಳ್ತಿದ್ದಾಳೆ. ಮನೇಲಿ ಕೂತು ಏನ್ಮಾಡ್ಲಿ ಅಂತಿದ್ದೆ. ಇವತ್ತು ಉತ್ತರ ಸಿಕ್ಕಿತು. ಸೋಮವಾರವೇ ರಾಜೀನಾಮೆ ಕೊಡ್ತೀನಿ, ದಿನಾ ಇಲ್ಲಿಗೇ ಬರ್ತೀನಿ. ನಿನ್ನ ವಿಷಯ ಹೊಸಬರು ನೋಡ್ಕೊಳ್ಳಲಿ. ಹೋಗೋ ಮುಂಚೆ ನಾನು ಸಹಿ ಹಾಕಿ ಅವರ ಕೈ ಕಟ್ಟೋದು ಸರಿಯಲ್ಲ."

"ಏನಂತೆ?" ಆಂಟಿ ಕೇಳಿದರು. ವೇದಾ ತಗ್ಗಿದ ದನಿಯಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳಿದಳು.

ಆಂಟಿ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. "ಆಯ್ತು ಬಿಡು, ಹನ್ನೊಂದು ವಾರ ಮತ್ತೆ ಮೊದಲಿಂದ ಮಾಡೋಣ. ಆದ್ರೆ ಈ ಕೆರೆ ಬೇಡ, ಇವರು ದಿನಾ ಕೂತಿರ್ತಾರೆ. ಮೀನು ಚೆನ್ನಾಗಿರೋ ಬೇರೆ ಜಾಗ ನೀನೇ ಹುಡುಕು."

ತಿಂಗಳ ಕೊನೆಗೆ ಉಳಿದಿದ್ದದ್ದು ಎರಡೇ ಶನಿವಾರ.