ಟಪಾಲಕ್ಕನ ಖುಷಿಯ ವಿಲೇವಾರಿ

ಜಲಮಾಪಕ ಕಚೇರಿಯ ಸಿಬ್ಬಂದಿಯಲ್ಲಿ ಅತಿಯಾಗಿ ವ್ಯಾಯಾಮ ಮಾಡಿ ಸತ್ತವರು ಈವರೆಗೆ ಒಬ್ಬರೂ ಇಲ್ಲ. ಅಪಾಯ ಇನ್ನು ಮುಂದೆಯೇ ಕಾದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲವೆಂದು ಮುಖ್ಯಾಧಿಕಾರಿಗಳು ಸಭೆಯಲ್ಲಿ ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ಬಿಲ್ಲು ವಿಭಾಗದ ಮೇಲ್ವಿಚಾರಕರೊಬ್ಬರು ಮಾತ್ರ ಆಡಿಸಲಿಲ್ಲ. ಮೇಜಿನ ಕೆಳಗೆ ಬಿದ್ದ ಪೆನ್ನಿನ ಮುಚ್ಚಳ ಎತ್ತಲು ಬಗ್ಗಿ ಅವರ ಕುತ್ತಿಗೆ ಹಿಡಿದುಕೊಂಡಿತ್ತು. ಅದು ಪೂರ್ವಸಿದ್ಧತೆಯಿಲ್ಲದೆ ಕೈಗೊಂಡ ಅತಿವ್ಯಾಯಾಮವೆಂದು ಕಚೇರಿಯ ವೈದ್ಯರು ಆಗಲೇ ಬರೆದುಕೊಟ್ಟಿದ್ದರು.

ಅಲ್ಲಿಂದ ಎಲ್ಲರಿಗೂ ಎದೆ ಡವಡವ. ಕುರ್ಚಿಯಿಂದ ಎದ್ದರೆ ಎಲ್ಲಿ ಮಿತಿ ಮೀರಿಬಿಡುತ್ತದೋ ಎಂದು ಗುಮಾಸ್ತರು ಪಕ್ಕದ ಮೇಜಿಗೂ ಕಡತವನ್ನು ಟಪಾಲಿನಲ್ಲೇ ಕಳಿಸತೊಡಗಿದರು. ಕೌಂಟರಿನ ಮುಂದೆ ಜನ ಗಂಟೆಗಟ್ಟಲೆ ನಿಂತು ಕಾಯುವುದು ಮಾತ್ರ ಮುಂದುವರಿಯಿತು, ಏಕೆಂದರೆ ಸಾರ್ವಜನಿಕರ ಕಾಲುಗಳು ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಅತಿವ್ಯಾಯಾಮ ತಡೆ ಸಮಿತಿ ರಚನೆಯಾಯಿತು. ಅದಕ್ಕೆ ಹವಾನಿಯಂತ್ರಿತ ಕೋಣೆ, ಒರಗು ಕುರ್ಚಿ, ದಿನವೂ ಬಿಸ್ಕತ್ತು ಮಂಜೂರಾದವು.

ಇಷ್ಟೆಲ್ಲ ನಡೆಯುತ್ತಿದ್ದರೂ ಟಪಾಲಕ್ಕ ಜಿಗಿಯುತ್ತಲೇ ಇದ್ದಳು.

ಟಪಾಲಕ್ಕ ಎಂದರೆ ಟಪಾಲು ವಿಭಾಗದ ಗುಮಾಸ್ತೆ. ಅರ್ಧ ತಲೆ ನರೆತವಳು. ಊಟದ ಬಿಡುವಿನಲ್ಲಿ ತಾರಸಿಗೆ ಹೋಗಿ, ನೀರಿನ ತೊಟ್ಟಿಯ ಮರೆಯಲ್ಲಿ ಚಪ್ಪಲಿ ಕಳಚಿ, ಟಪಾಲು ಚೀಲ ಬಿಗಿಯುವ ಹುರಿಹಗ್ಗ ಹಿಡಿದು ಹುಡುಗಿಯ ಹಾಗೆ ಜಿಗಿಯುತ್ತಿದ್ದಳು. ತೂಕ ಇಳಿಸಲಿಕ್ಕಲ್ಲ, ಡಾಕ್ಟರು ಹೇಳಿದರೆಂದೂ ಅಲ್ಲ. ಸುಮ್ಮನೆ. ಕಾಲು ನೆಲ ಬಿಟ್ಟ ಕೂಡಲೇ ಅವಳಿಗೆ ಅತ್ತೆಯ ಗೊಣಗಾಟವಾಗಲಿ, ಬಾಕಿ ಬಿದ್ದ ಕಡತವಾಗಲಿ ನೆನಪಿರುತ್ತಿರಲಿಲ್ಲ. ಇಡೀ ದಿನದಲ್ಲಿ ಅವಳದೇ ಅಂತ ಇದ್ದದ್ದು ಅದೊಂದೇ.

ಸಿಗರೇಟು ಸೇದಲು ಲಿಫ್ಟಿನಲ್ಲಿ ತಾರಸಿಗೆ ಬಂದ ಸಮಿತಿಯ ಕಾರ್ಯದರ್ಶಿ ಅವಳನ್ನು ಕಂಡು ಸಿಗರೇಟು ಅರ್ಧಕ್ಕೇ ಬಿಟ್ಟು ವರದಿ ಬರೆದ: "ಸದರಿ ಗುಮಾಸ್ತೆಯು ಜಿಗಿಯುತ್ತಿದ್ದುದಲ್ಲದೆ, ಜಿಗಿಯುವಾಗ ನಗುತ್ತಿದ್ದುದೂ ಕಂಡುಬಂದಿರುತ್ತದೆ."

ಮರುದಿನವೇ ವಿಚಾರಣೆ.

"ಯಾಕಮ್ಮ ಜಿಗಿತೀರ?" ವೈದ್ಯರು ಕೇಳಿದರು.

"ಖುಷಿಯಾಗುತ್ತೆ ಸಾರ್."

ಕೋಣೆಯಲ್ಲಿ ಬಿಸ್ಕತ್ತು ಕಡಿಯುವ ಸದ್ದು ನಿಂತಿತು.

"ಮೈಕೈ ನೋವು? ಬೇಜಾರು? ಸಾಕಪ್ಪಾ ಅನ್ನಿಸೋದು?"

"ಇಲ್ಲ ಸಾರ್. ಇನ್ನೊಂದು ಸ್ವಲ್ಪ ಜಿಗಿಯೋಣ ಅನ್ನಿಸುತ್ತೆ."

"ನೋಡಿದ್ರಾ!" ವೈದ್ಯರು ಸಮಿತಿಯತ್ತ ತಿರುಗಿದರು. "ಕಷ್ಟಪಟ್ಟು ವ್ಯಾಯಾಮ ಮಾಡೋರಿಂದ ಭಯ ಇಲ್ಲ, ನಾಲ್ಕು ದಿನಕ್ಕೆ ಬಿಟ್ಟುಬಿಡ್ತಾರೆ. ಖುಷಿಗೆ ಮಾಡೋರು ಬಿಡೋದೇ ಇಲ್ಲ. ರೋಗದ ಮೂಲ ಖುಷೀನೇ."

ಟಪಾಲಕ್ಕ ಕೈಮುಗಿದಳು. "ಬೇಕಿದ್ರೆ ಇಂಕ್ರಿಮೆಂಟ್ ನಿಲ್ಲಿಸಿ ಸಾರ್. ಹಗ್ಗ ಮಾತ್ರ ಕಿತ್ಕೋಬೇಡಿ."

ಇಂಕ್ರಿಮೆಂಟ್ ಬಿಡುವ ಮಾತು ಆ ಕಟ್ಟಡದಲ್ಲಿ ಅದೇ ಮೊದಲ ಸಲ ಕೇಳಿಬಂದದ್ದರಿಂದ, ರೋಗ ಉಲ್ಬಣಿಸಿದೆಯೆಂದು ದಾಖಲಾಯಿತು.

ಆಗ ಒರಗು ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಮುಖ್ಯಾಧಿಕಾರಿಗಳು ಕಣ್ಣು ತೆರೆದರು. ಇಡೀ ಸೇವೆಯನ್ನು ಇಂಥ ಕೋಣೆಗಳಲ್ಲೇ ಸವೆಸಿದ ಅನುಭವಸ್ಥರು. "ಹಗ್ಗ ಯಾಕ್ರೀ ಕಿತ್ಕೋಬೇಕು? ಜಿಗಿಯೋದನ್ನ ಅವರ ಡ್ಯೂಟಿ ಮಾಡಿ. ಖುಷಿ ತಾನಾಗೇ ಇಳಿಯುತ್ತೆ."

ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು. "ಟಪಾಲು ಗುಮಾಸ್ತೆಯನ್ನು ಪ್ರಭಾರ ಜಿಗಿತಾಧಿಕಾರಿಯನ್ನಾಗಿ ನೇಮಿಸಲಾಗಿದೆ. ಸದರಿಯವರು ಸಮಸ್ತ ಸಿಬ್ಬಂದಿಯ ಪರವಾಗಿ ಪ್ರತಿ ಮಧ್ಯಾಹ್ನ ಜಿಗಿಯತಕ್ಕದ್ದು. ಮೊದಲೂ ನಂತರವೂ ಹಾಜರಿ ಸಹಿ ಹಾಕತಕ್ಕದ್ದು. ಸಮಿತಿಯ ಸದಸ್ಯರು ಕುರ್ಚಿ, ಛತ್ರಿ ಹಾಗೂ ಬಿಸಿಲು ಭತ್ಯೆಯೊಂದಿಗೆ ಉಪಸ್ಥಿತರಿರುವರು. ಜಿಗಿಯುವಾಗ ನಗುವುದು ಅನಿವಾರ್ಯವೆನಿಸಿದಲ್ಲಿ ಪೂರ್ವಾನುಮತಿ ಪಡೆಯುವುದು."

ಟಪಾಲಕ್ಕನಿಗೆ ಮೊದಲು ಸ್ವರ್ಗವೇ ಸಿಕ್ಕಂತಾಯಿತು. ಮನೆಯಲ್ಲಿ ಅತ್ತೆ, "ಸಂಬಳ ಕೊಟ್ಟು ಕುಣಿಸ್ತಾರಂತಾ?" ಎಂದು ಮೂಗು ಮುರಿದಳು. ಗಂಡ, "ಅಧಿಕಾರಿ ಅಂತ ಬೋರ್ಡ್ ಹಾಕ್ತಾರೆ, ಸುಮ್ನಿರಮ್ಮ" ಎಂದ.

ಆಮೇಲೆ ಕಚೇರಿ ತನ್ನ ಕೆಲಸ ಶುರುಮಾಡಿತು. ಟಪಾಲಿನ ಹುರಿಹಗ್ಗ ಬಳಸಕೂಡದೆಂದು ಟೆಂಡರು ಕರೆದರು. ಅದು ಕಾರ್ಯದರ್ಶಿಯ ಬಾಮೈದನಿಗೆ ಸಿಕ್ಕಿ, ಹಡಗು ಕಟ್ಟುವಂಥ ಹಗ್ಗ ಬಂತು. ಎತ್ತಿ ಬೀಸಿದರೆ ರಟ್ಟೆ ಬಿದ್ದುಹೋಗುತ್ತಿತ್ತು. ಅವಳು ರಜೆ ಹಾಕಿದ ದಿನಗಳ ಜಿಗಿತ ಬಾಕಿ ಬಿತ್ತು. ವರ್ಷಾಂತ್ಯದೊಳಗೆ ಬಾಕಿ ತೀರಿಸದಿದ್ದರೆ ನೋಟೀಸು ಎಂದರು. ಛತ್ರಿಯಡಿ ಕೂತವರು, "ಸ್ವಲ್ಪ ಎತ್ತರ ಬೇಕಮ್ಮ, ಆಡಿಟ್‌ನೋರು ಕೇಳ್ತಾರೆ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಜಿಗಿಯುತ್ತಲೇ ಟಪಾಲಕ್ಕ ಗಡಿಯಾರ ನೋಡಿದಳು. ಇನ್ನೂ ಎಷ್ಟು ಹೊತ್ತು ಎಂದು ಮನಸ್ಸು ಕೇಳಿತು. ಕೇಳಿದ್ದು ತನ್ನದೇ ಮನಸ್ಸೆಂದು ತಿಳಿದಾಗ ಅವಳಿಗೆ ತಡೆಯಲಾರದಷ್ಟು ಅಳು ಬಂತು. ಸಮಿತಿಯವರು ಅದನ್ನು ಬೆವರು ಎಂದು ಬರೆದುಕೊಂಡರು.

ತಿಂಗಳೊಪ್ಪತ್ತಿನಲ್ಲಿ ಮಂಡಿ ಊದಿಕೊಂಡಿತು. ವೈದ್ಯರು ಒತ್ತಿ ನೋಡಿ, ಖುಷಿಯಿಲ್ಲದ ಕಡೆ ಅತಿವ್ಯಾಯಾಮ ಇರಲು ಸಾಧ್ಯವಿಲ್ಲ, ಇದು ಕೇವಲ ಕರ್ತವ್ಯದ ಊತವೆಂದು ಬರೆದರು.

"ಈಗ ಜಿಗಿಯುವಾಗ ಹೇಗನ್ನಿಸುತ್ತೆ?" ಸಮಿತಿಯೆದುರು ವೈದ್ಯರು ಕೇಳಿದರು.

"ಸಾಕಾಗಿದೆ ಸಾರ್."

ಸಮಿತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಟಪಾಲಕ್ಕ ಸಂಪೂರ್ಣ ಗುಣಮುಖಳೆಂದು ಪ್ರಮಾಣಪತ್ರ ಕೊಟ್ಟು, ಅವಳ ಜೊತೆ ಫೋಟೋ ತೆಗೆಸಿಕೊಂಡರು.

"ಹಾಗಾದ್ರೆ ನಾಳೆಯಿಂದ ಜಿಗಿಯೋದು ಬೇಡ ಅಲ್ವಾ ಸಾರ್?"

ಮುಖ್ಯಾಧಿಕಾರಿಗಳಿಗೆ ಪಾಪ ಅನ್ನಿಸಿತು. "ಅದು ಹೇಗಾಗುತ್ತಮ್ಮ? ಹುದ್ದೆ ಮಂಜೂರಾಗಿಬಿಟ್ಟಿದೆಯಲ್ಲ. ರಿಟೈರ್ ಆಗೋವರೆಗೂ ಜಿಗೀಬೇಕು."

ಟಪಾಲಕ್ಕ "ಸರಿ ಸಾರ್" ಅಂದಳು. ಅದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಅವಳಿಗೂ ಅನ್ನಿಸಲಿಲ್ಲ. ಬಿಡುವಿನ ಗಂಟೆ ಹೊಡೆದಿತ್ತು. ಕುಂಟುತ್ತಾ ತಾರಸಿಗೆ ಹೋಗಿ, ಸಹಿ ಹಾಕಿ, ಜಿಗಿಯತೊಡಗಿದಳು.