ಮೂವರು ಕೂಡಿ ಇಂಟರ್ ಕಟ್ಟಿದ್ದು

ಕೂಡಿ ಓದಿದರೆ ಭಾರ ಹಗುರಾಗುತ್ತದೆ ಅನ್ನುತ್ತಾರೆ. ನಾವು ಮೂವರು ಕೂಡಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗದೆ ಇರುತ್ತಿರಲಿಲ್ಲ.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳಿಕೆ ಮುಗಿದು ಎರಡು ಮೂರು ವರ್ಷ ಆಗಿತ್ತು. ನಾನು ಸಿಂಧನೂರಿನಲ್ಲಿ ಶಾಲೆ ಮಾಸ್ತರ. ಮಸ್ಕಿಯಲ್ಲೊಬ್ಬ ಮಾಸ್ತರ, ಲಿಂಗಸುಗೂರು ತಹಶೀಲ್ ಕಚೇರಿಯಲ್ಲೊಬ್ಬ ಗುಮಾಸ್ತ, ಇಬ್ಬರೂ ನನ್ನ ಗೆಳೆಯರು. ಮೂವರೂ ಉರ್ದುವಿನಲ್ಲಿ ಓದಿದವರು. ಈಗ ಇಂಗ್ಲಿಷಿನಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆ ಪಾಸಾಗದಿದ್ದರೆ ನೌಕರಿ ಉಳಿಯುವ ಖಾತ್ರಿಯಿಲ್ಲ ಅಂತ ಸುದ್ದಿ. ಹತ್ತಿರದಲ್ಲಿ ಕಾಲೇಜಿಲ್ಲ. ಒಬ್ಬರಿಗೊಬ್ಬರು ಕಲಿಸಿಕೊಂಡು ಖಾಸಗಿಯಾಗಿ ಪರೀಕ್ಷೆ ಕಟ್ಟುವುದು ಅಂತ ಮಾತಾಯಿತು. ಆವತ್ತಿನಿಂದ ಯಾರಿಗೂ ಕುಂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಹರಿದ ಇತಿಹಾಸ

ಇತಿಹಾಸದ ಪುಸ್ತಕ ಸಿಕ್ಕಿದ್ದು ಒಂದೇ. ಅದನ್ನು ಮೂರು ತುಂಡು ಮಾಡಿ ಹಂಚಿಕೊಂಡೆವು. ಓದಿದ ತುಂಡನ್ನು ಶನಿವಾರದ ಬಸ್ಸಿನ ಕಂಡಕ್ಟರನ ಕೈಲಿ ಕಳಿಸುವುದು, ಮುಂದಿನದನ್ನು ಇಳಿಸಿಕೊಳ್ಳುವುದು. ನನ್ನ ತುಂಡು ಪಾಣಿಪತ್ತಿನಲ್ಲಿ ಮರಾಠರ ಮತ್ತು ಅಫ್ಘಾನರ ಸೈನ್ಯ ಎದುರುಬದುರು ನಿಂತಲ್ಲಿಗೆ ಮುಗಿದುಹೋಯಿತು. ಗೆದ್ದವರು ಯಾರು? ನಾಲ್ಕು ದಿನ ಅನ್ನ ಸೇರಲಿಲ್ಲ.

ಶನಿವಾರ ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸು ನಿಲ್ಲುವ ಮೊದಲೇ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಕೂಗಿದ:

"ಮಾಸ್ತರ್ರ, ಮರಾಠರು ಸೋತ್ರು! ಹಾದ್ಯಾಗ ನಾನೂ ಓದೀನ್ರೀ!"

ಪಕ್ಕದಲ್ಲಿ ಗಂಟು ಹಿಡಿದು ನಿಂತಿದ್ದ ಮುದುಕ ಗಾಬರಿಯಾಗಿ ನನ್ನ ತೋಳು ಹಿಡಿದ. "ಮತ್ತ ಲಡಾಯಿ ಸುರು ಆತೇನ್ರೀ?"

ಇಂಗ್ಲಿಷ್ ಭಾನುವಾರ

ಭಾನುವಾರ ಮಸ್ಕಿಯ ಚಹಾದ ಹೋಟೆಲಿನಲ್ಲಿ ಸೇರಿ ಬರೀ ಇಂಗ್ಲಿಷಿನಲ್ಲೇ ಮಾತಾಡಬೇಕು ಅಂತ ಕರಾರಾಯಿತು. ಸೇರಿದೆವು. ಹವಾಮಾನದ ಬಗ್ಗೆ ಒಂದು ವಾಕ್ಯ ನಾನು ಆಡಿದೆ. "ಯಸ್" ಅಂದ ಗುಮಾಸ್ತ. ಮಸ್ಕಿಯವನೂ "ಯಸ್" ಅಂದ. ಅಲ್ಲಿಗೆ ಇಂಗ್ಲಿಷ್ ತೀರಿತು. ಒಂದು ತಾಸು ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು.

ಹೋಟೆಲಿನ ಯಜಮಾನನಿಗೆ ತಡೆಯಲಾಗಲಿಲ್ಲ. ಹೋಗಿ ಊರ ಹಿರಿಯರೊಬ್ಬರನ್ನು ಕರಕೊಂಡು ಬಂದ. ಅವರು ನಮ್ಮ ನಡುವೆ ಕೂತು, "ಓದಿದವ್ರು ನೀವ ಹಿಂಗ ಮಾತು ಬಿಟ್ಟು ಕುಂತ್ರ ಹ್ಯಾಂಗ್ರೀ? ಏನ್ ಜಗಳ ಇದ್ರೂ ಬಾಯಿಬಿಟ್ಟು ಹೇಳ್ರಿ" ಅಂದರು.

ಮಸ್ಕಿ ಮಾಸ್ತರ ಕೈಮುಗಿದ. "ಜಗಳ ಇಲ್ರೀ ಅಜ್ಜಾರ, ಮಾತು ಕಲ್ಯಾಕತ್ತೀವಿ."

ಸ್ಟೇಶನ್ನಿನಲ್ಲಿ

ಪರೀಕ್ಷೆ ಹೈದರಾಬಾದಿನಲ್ಲಿ. ಮೊದಲ ದಿನ ಇಂಗ್ಲಿಷ್. ಬೆಳಿಗ್ಗೆ ಎದ್ದು ನೋಡಿದರೆ ಗುಮಾಸ್ತನೂ ಇಲ್ಲ, ಅವನ ಟ್ರಂಕೂ ಇಲ್ಲ. ಇಬ್ಬರೂ ಸ್ಟೇಶನ್ನಿಗೆ ಓಡಿದೆವು. ಪ್ಲಾಟ್‌ಫಾರ್ಮಿನಲ್ಲಿ ಟ್ರಂಕಿನ ಮೇಲೆ ಕೂತಿದ್ದ.

"ನಾ ಊರಿಗೆ ಹೊಂಟೀನಿ. ಓದಿದ್ದೆಲ್ಲಾ ಮರತೀನಿ" ಅಂದ. ಕಣ್ಣಲ್ಲಿ ನೀರು.

"ಲೇ, ಮೂವರೂ ಕೂಡಿ ಕಟ್ಟೀವಿ. ನಿನ್ನ ಬಿಟ್ಟು ನಾವು ಬರಿಯಂಗಿಲ್ಲ" ಅಂದೆ.

ಅವನು ಎದ್ದ. ನಾನು ಅವನ ಟ್ರಂಕು ಹೊತ್ತೆ, ಮಸ್ಕಿಯವನು ಅವನ ಕೈ ಹಿಡಿದ, ಓಡಿದೆವು. ಹಾಲ್ ಸೇರುವಷ್ಟರಲ್ಲಿ ಅರ್ಧ ತಾಸು ಹೋಗಿತ್ತು. ನಮ್ಮಿಬ್ಬರಿಗೆ ಓದಿದ್ದೊಂದೂ ನೆನಪಾಗಲೊಲ್ಲದು. ಆತ ಮಾತ್ರ ತಲೆ ಎತ್ತದೆ ಬರೆದ.

ಫಲಿತಾಂಶ ಬಂತು. ಆತ ಪಾಸು. ಇಂಗ್ಲಿಷಿನಲ್ಲಿ ನಾವಿಬ್ಬರೂ ಫೇಲು.

ಗುಮಾಸ್ತ ಪೇಢೆ ತಗೊಂಡು ಸಿಂಧನೂರಿಗೆ ಬಂದ. ಮಸ್ಕಿಯವನನ್ನೂ ಹಾದಿಯಲ್ಲಿ ಹತ್ತಿಸಿಕೊಂಡು ಬಂದಿದ್ದ. ಇಬ್ಬರ ಬಾಯಿಗೂ ಪೇಢೆ ಇಟ್ಟು, ಮರುಕದಿಂದ ನೋಡಿ ಹೇಳಿದ:

"ಸಿಟ್ಟಾಗಬ್ಯಾಡ್ರಿ, ನಿಮ್ಮ ಒಳ್ಳೇದಕ್ಕ ಹೇಳ್ತೀನಿ. ಪರೀಕ್ಷಾ ದಿವಸ ಹಂಗ ಸ್ಟೇಶನ್ನಿನಾಗ ಅಡ್ಡಾಡಬಾರದು."