ಪಟ್ಟಿಯಡಿಯಿಂದ ಈರಮ್ಮನ ಕರಿಂಡಿಯ ಉದ್ಧಾರ

ಅಂಗೈಯಗಲದ ಗಾಜಿನೊಳಗೆ ಮೂರು ಲೋಕಗಳೂ ಜಾರುತ್ತಿದ್ದ ಯುಗದಲ್ಲಿ, ಗದಗಿನ ಮಹಿಳಾ ಮಂಡಳದ ಕಾರ್ಯದರ್ಶಿನಿಯೂ, ಐವತ್ತೆರಡನೆಯ ವಯಸ್ಸಿನಲ್ಲಿ ಜಾವಾಸ್ಕ್ರಿಪ್ಟ್ ಎಂಬ ಅಸ್ತ್ರವಿದ್ಯೆಯನ್ನು ಒಲಿಸಿಕೊಂಡವಳೂ, ಜೋಳದಹಿಟ್ಟುಲೇಪಿತಕರಾಂಗುಲಿಯೂ ಆದ ನೀಲಾಂಬಿಕೆಯ ಪರಾಕ್ರಮವನ್ನು ಹಾಡು, ಎಲೆ ನಾಲಗೆಯೇ.

ಮಂಡಳದ ಅಡುಗೆ ಜಾಲತಾಣ ಅವಳದೇ ಸೃಷ್ಟಿ. ಮೇಲಿನ ಯಾದಿಯಲ್ಲಿ ಒಂದು ಅಡುಗೆಯನ್ನು ಒತ್ತಿದರೆ ಪುಟ ಸರ್ರನೆ ಜಾರಿ ಅದರ ತಲೆಬರಹಕ್ಕೆ ನಿಲ್ಲುತ್ತಿತ್ತು. ಆದರೆ ಪುಟ ಎಷ್ಟು ಜಾರಿದರೂ ನೆತ್ತಿಯಲ್ಲಿ ಧ್ರುವನಂತೆ ಕದಲದ, ಅಧ್ಯಕ್ಷೆಯ ಭಾವಚಿತ್ರಬಿರುದಾವಳಿಮಂಡಿತ ಪಟ್ಟಿಯೊಂದಿತ್ತು. ತಲೆಬರಹ ಬಂದು ಅದರಡಿಗೇ ಅಡಗಿ, ಅದರ ಕೆಳಗಿನ ಸಾಮಗ್ರಿಗಳ ಸಾಲಷ್ಟೇ ಕಾಣುತ್ತಿತ್ತು.

ಆಗ ಎದುರುಮನೆಯಿಂದ, ನಲವತ್ತು ವರ್ಷ ಓಣಿಗೆಲ್ಲ ಕರಿಂಡಿಯೆಂಬ ಹುಳಿಬರಿಸಿದ ತರಕಾರಿಯ ಖಾರವ್ಯಂಜನ ಹಂಚಿದ ಭರಣಿಧಾರಿಣಿ ಈರಮ್ಮಕ್ಕ ಫೋನೆತ್ತಿ ದಂಡೆತ್ತಿ ಬಂದಳು.

"ನೀಲವ್ವಾ, ನನ್ನ ಹೆಸರು ಹಾಕೀನಿ ಅಂದಿ. ಒತ್ತಿದ್ರ ಅಧ್ಯಕ್ಷರ ಮಾರಿ, ಅದರ ಬುಡಕ ಗಜ್ಜರಿ. ಕರಿಂಡಿ ಅಕೀದೇನು?"

"ಸ್ವಲ್ಪ ಕೆಳಗ ಎಳೀರಿ ಅಕ್ಕಾ, ಕಾಣತೈತಿ."

"ನನ್ನ ಹೆಸರು ನಾನ ಎಳಕೊಂಡು ತರಬೇಕೇನು? ಹನ್ನೆರಡಕ್ಕ ಬೀಗರು ಬರತಾರ. ಅವರ ಮುಂದ ಕಾಣಲಿಲ್ಲಂದ್ರ ನಿನ್ನ ಭರಣಿ ಇನ್ನ ಮ್ಯಾಲೆ ಖಾಲಿ."

ನಾಟಿದ್ದು ಭರಣಿಯ ಮಾತಲ್ಲ, ಹೆಸರಿನ ಮಾತು. ಮೂವತ್ತು ವರ್ಷ ನೀಲಾಂಬಿಕೆಯ ಅಡುಗೆ ಉಂಡವರೆಲ್ಲ ಅವಳ ಗಂಡ ದೇಸಾಯರ ಮನೆಯ ರುಚಿ ಎಂದೇ ಹೊಗಳಿದ್ದರು. ಈ ಪುಟದಲ್ಲೂ 'ದೇಸಾಯರ ಮನೆ ಎಣ್ಣೆಗಾಯಿ' ಎಂದು ಬರೆದವಳು ಅವಳೇ.

"ಪಟ್ಟಿಯ ಕತ್ತಲಿನಿಂದ ನಿಮ್ಮ ನಾಮವನ್ನು ಬಿಡಿಸಿ ತರುವ ತನಕ ಈ ಒಲೆ ಹಚ್ಚೆನು" ಎಂದು ಗರ್ಜಿಸಿದಳು ನೀಲಾಂಬಿಕೆ.

"ಹಚ್ಚವಾ, ದೇಸಾಯರು ಉಪಾಸ ಬೀಳತಾರ."

ವೀರೆ ಬ್ರೌಸರಿನ ಸಹಜ ಜಿಗಿತವನ್ನು ತಡೆದಳು. ತಲೆಬರಹದ ನೆಲೆಯಿಂದ ತನ್ನ ಫೋನಿನಲ್ಲಿ ಅಳೆದ ಪಟ್ಟಿಯ ಎತ್ತರ, ಅರವತ್ತುನಾಲ್ಕು ಪಿಕ್ಸೆಲ್ಲುಗಳನ್ನು ಕಳೆದು, ಪುಟ ಅಷ್ಟು ಮೊದಲೇ ನಿಲ್ಲಲೆಂದು ಆಜ್ಞಾಪಿಸಿದಳು. ಅವಳ ಫೋನಿನಲ್ಲಿ ಜಯಭೇರಿ. ಈರಮ್ಮಕ್ಕನ ಫೋನಿನಲ್ಲಿ ಹೆಸರು ಮತ್ತೆ ಮಾಯ: ಚಾಳೀಸಿನ ಕಣ್ಣಿಗೆಂದು ಹಿಗ್ಗಿಸಿಟ್ಟ ಅಕ್ಷರಗಳಲ್ಲಿ ಅಧ್ಯಕ್ಷೆಯ ಬಿರುದುಗಳು ಮೂರು ಸಾಲಿಗೆ ಉಬ್ಬಿದ್ದವು. ತನ್ನ ಮನೆಯ ಬಾಗಿಲು ಅಳೆದು ಎದುರುಮನೆಗೆ ಕದ ಮಾಡಿಸಿದಂತಾಗಿತ್ತು. ನೀಲಾಂಬಿಕೆ ನಾಚಿ ಆ ಅಂಕಿಯನ್ನು ಅಳಿಸಿದಳು. ಒತ್ತಿದಾಗಲೆಲ್ಲ ಒತ್ತಿದವರ ಫೋನಿನಲ್ಲೇ ಪಟ್ಟಿಯನ್ನು ಅಳೆದು ಕಳೆಯುವಂತೆ ಬರೆದಳು.

ಹನ್ನೆರಡಕ್ಕೆ ಎದುರುಮನೆಯಲ್ಲಿ, ನೀಲಾಂಬಿಕೆಯೂ ನೋಡುತ್ತಿರಲು, ಬೀಗರ ಮುಂದೆ ಈರಮ್ಮಕ್ಕ ಒತ್ತಿದಳು. ಪುಟ ಜಾರಿತು, ನಿಂತಿತು. ಪಟ್ಟಿಯ ಅಂಚಿಗೆ ಉದಯರವಿಯಂತೆ 'ಈರಮ್ಮನ ಕರಿಂಡಿ'.

ಬೀಗಿತ್ತಿ ಓದಿದಳು. "ಗಜ್ಜರಿ ಹಾಕತೀರೇನು? ನಾವು ಹಾಕಂಗಿಲ್ಲ."

ಮುಂದಿನ ಯುದ್ಧವೆಲ್ಲ ಗಜ್ಜರಿಯದು. ನೀಲಾಂಬಿಕೆ ಗೆದ್ದ ಭೂಮಿ ಒಟ್ಟು ಒಂದೂವರೆ ಬೆರಳು. ಮನೆಗೆ ಬಂದು, ಎಣ್ಣೆಗಾಯಿಯ ಮುಂದಿದ್ದ ದೇಸಾಯರನ್ನು ಅಳಿಸಿ 'ನೀಲಾಂಬಿಕೆಯ' ಎಂದು ಬರೆದಳು. ಒಮ್ಮೆ ಒತ್ತಿದಳು; ಪೂರ್ತಿ ಕಂಡಿತು. ಕೈ ತೊಳೆದು ಒಲೆ ಹಚ್ಚಿದಳು.